ದೀಡ ನೂರು ಅಂದರೆ ಎಷ್ಟು?

ನಾನು ಹುಟ್ಟಾ ಹೆದರುಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಹೋದವಳು. ಇಂಥವಳು ಸವಣೂರು ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಗಣಿತಕ್ಕೆ ಅಂಜುವ ಮಕ್ಕಳಿಗೆ ಧೈರ್ಯವನ್ನೂ ಹೇಳುತ್ತೇನೆ. ನಗಬೇಡಿ.

ಆ ವರ್ಷ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಶಾಲೆಯ ಕಂಪ್ಯೂಟರಿನಲ್ಲಿ ಒಂದು ಲೆಕ್ಕದ ಆಟ ಕಟ್ಟಿದರು. ಸಂತೆಯ ಆಟ. ಪರದೆಯ ಮೇಲೆ ಗಿರಾಕಿ ಬಂದು ಬೆಲೆಯನ್ನೋ ತೂಕವನ್ನೋ ಮಾತಿನಲ್ಲಿ ಹೇಳುತ್ತಾನೆ, ಆಡುವವರು ಅದನ್ನು ಅಂಕಿಯಲ್ಲಿ ಒತ್ತಬೇಕು. ಸರಿಯಾದರೆ ಗಂಟೆ ಬಾರಿಸುತ್ತದೆ, ತಪ್ಪಾದರೆ ಎಮ್ಮೆ ಒದರುತ್ತದೆ. ಆ ದನಿ ಒಬ್ಬ ವಿದ್ಯಾರ್ಥಿಯ ಮನೆಯ ಖರೇ ಎಮ್ಮೆಯದು. ಪುಸ್ತಕದ ಕನ್ನಡ ಬೇಡ, ನಮ್ಮ ಸಂತೆಯ ಮಾತೇ ಇರಲಿ ಎಂದು ಹಟ ಹಿಡಿದವರೂ ಮಕ್ಕಳೇ. ಹಾಗಾಗಿ ಸವ್ವಾ, ದೀಡ, ಅಡೀಚ ಎಲ್ಲ ಆಟದೊಳಗೆ ಬಂದವು. ಒಂದೂಕಾಲಿಗೆ ನಾವು ಸವ್ವಾ ಎನ್ನುತ್ತೇವೆ, ಎರಡೂವರೆಗೆ ಅಡೀಚ, ಒಂದೂವರೆಗೆ ದೀಡ. ದೀಡ ಕಿಲೋ ಬದನೆಕಾಯಿ, ದೀಡ ತಾಸಿನ ದಾರಿ.

ಆಟವನ್ನು ಮುಕ್ತವಾಗಿ ಬಿಟ್ಟಿದ್ದೆವು. ಯಾರು ಬೇಕಾದರೂ ಒಯ್ಯಬಹುದು, ಒಳಗೆ ಬರೆದದ್ದನ್ನು ತೆರೆದು ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ನಮ್ಮನ್ನು ಕೇಳುವ ಅಗತ್ಯವೇ ಇಲ್ಲ. ಶಿಕ್ಷಕರ ತರಬೇತಿಯೊಂದರಲ್ಲಿ ಹಾನಗಲ್, ಶಿಗ್ಗಾಂವಿ, ಹಿರೇಕೆರೂರಿನ ಕಡೆಯಿಂದ ಬಂದವರ ಪೆನ್‌ಡ್ರೈವಿಗೆಲ್ಲ ಹಾಕಿಕೊಟ್ಟೆ. ಮಕ್ಕಳ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆಯಿತ್ತು.

ಒಂದು ಸೋಮವಾರ ಪ್ರಾರ್ಥನೆಗೆ ಮೊದಲೇ, ಆಟದ ಅಂಕಿಗಳ ಭಾಗವನ್ನು ಬರೆದಿದ್ದ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

“ಟೀಚರ್, ದೀಡ ನೂರು ತಪ್ಪೈತ್ರಿ.”

“ದೀಡ ನೂರು ಅಂದ್ರ ನೂರಾ ಐವತ್ತಲ್ಲೇನ?”

“ನಮಗ ಹೌದ್ರಿ. ಆಟಕ್ಕ ನೂರಾ ಒಂದೂವರಿ.”

ಒಟ್ಟಿಗೆ ಬಂದ ಸಂಖ್ಯೆಗಳನ್ನು ಕೂಡಿಸು ಎಂದು ಅವಳು ನಿಯಮ ಬರೆದಿದ್ದಳು. ಇಪ್ಪತ್ತು, ಮೂರು ಬಂದರೆ ಇಪ್ಪತ್ಮೂರು. ನೂರು, ಐದು ಬಂದರೆ ನೂರಾ ಐದು. ದೀಡ, ನೂರು ಬಂದಾಗ ಗುಣಿಸಬೇಕಿತ್ತು. ಕಂಪ್ಯೂಟರಿಗೆ ಅದು ಗೊತ್ತಿಲ್ಲ, ಪಾಪ, ಹೇಳಿದಂತೆ ಕೂಡಿಸಿತು. ದೀಡ ಕಿಲೋ ಸರಿ ಬಂದದ್ದನ್ನು ನೋಡಿ ನಾವು ಮುಂದೆ ನಡೆದಿದ್ದೆವು. ದೀಡ ನೂರು ನಮ್ಮ ಬಾಯಲ್ಲಿ ಎಷ್ಟು ಸಲೀಸೆಂದರೆ, ಅದನ್ನೂ ಒಮ್ಮೆ ಆಡಿ ನೋಡಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ.

“ದೀಡ ಶಾಣ್ಯಾರು ಕೂಡಿ ಮಾಡಿದ ಆಟ ನೋಡ್ರಿ ಇದು!” ಎಂದರು ವಿಜ್ಞಾನದ ಸರ್. ಅತಿಬುದ್ಧಿವಂತರಿಗೆ ನಮ್ಮ ಕಡೆ ಹಾಗೆನ್ನುವುದು. ಎಲ್ಲರೂ ನಕ್ಕರು. ಹುಡುಗಿ ಒಂದು ಸಾಲು ತಿದ್ದಿ, ಹೊಸ ಆಟವನ್ನು ಇಂಟರ್ನೆಟ್ಟಿಗೆ ಏರಿಸಿದಳು. ಅಲ್ಲಿಗೆ ಮುಗಿಯಿತು ಎಂದರು.

ನನಗೆ ಮುಗಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಪೆನ್‌ಡ್ರೈವನ್ನೂ ಆ ಗಾದೆಗೆ ಸೇರಿಸಬೇಕು. ನಾನು ಕೊಟ್ಟವರು ಇನ್ಯಾರಿಗೆ ಕೊಟ್ಟರೋ! ಎಲ್ಲೋ ಒಂದು ಮಗು ನೂರಾ ಐವತ್ತು ಎಂದು ಸರಿಯಾಗಿಯೇ ಒತ್ತುತ್ತದೆ. ಎಮ್ಮೆ ಒದರುತ್ತದೆ. ಕ್ಲಾಸೆಲ್ಲ ನಗುತ್ತದೆ. ತನಗೆ ಗೊತ್ತಿದ್ದದ್ದನ್ನೇ ಮಗು ತಪ್ಪೆಂದು ಒಪ್ಪಿಕೊಳ್ಳುತ್ತದೆ. ಕಂಪ್ಯೂಟರಿನೊಡನೆ ವಾದ ಹೂಡುವ ಧೈರ್ಯ ಆ ಕೂಸಿಗೆ ಎಲ್ಲಿಂದ ಬರಬೇಕು? ಅನ್ನ ಕಲಸುವಾಗಲೂ ನನಗೆ ಇದೇ ಚಿಂತೆ. “ಒಂದ್ ಆಟದ ಸಲುವಾಗಿ ಊಟ ಬಿಡ್ತಿ ಏನ?” ಎಂದು ಮನೆಯವರು ಗದರಿದರು.

ಫೋನು ಹಚ್ಚುತ್ತ ಹೋದೆ. ಶಿಗ್ಗಾಂವಿಯ ಶಿಕ್ಷಕರು, “ಪೆನ್‌ಡ್ರೈವ್ ಇನ್ನೂ ಬ್ಯಾಗಿನ್ಯಾಗ ಐತ್ರಿ, ತಗದs ಇಲ್ಲ” ಎಂದು ಸಂಕೋಚಪಟ್ಟರು. ಅವರ ಸೋಮಾರಿತನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಹಿರೇಕೆರೂರಿನಲ್ಲಿ ಶಾಲೆಯ ಕಂಪ್ಯೂಟರೇ ಕೆಟ್ಟು ಕೂತಿತ್ತು. ಸದ್ಯ! ಹಾನಗಲ್ ಕಡೆಯ, ಆಡೂರಿನ ಆಚೆಯ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ ಮಾತ್ರ ಖುಷಿಯಿಂದ, “ಭಾಳ ಛಲೋ ಐತ್ರಿ ನಿಮ್ಮ ಆಟ. ಐದನೇತ್ತೇವರಿಗೆ ದಿನಾ ಆಡಸಾಕತ್ತೇನಿ. ಈಗ ಒಂದೂ ತಪ್ಪೂದಿಲ್ಲ ನೋಡ್ರಿ” ಎಂದರು.

ಒಂದೂ ತಪ್ಪುವುದಿಲ್ಲ. ಅಂದರೆ ದೀಡ ನೂರಕ್ಕೂ ಗಂಟೆಯೇ!

ಫೋನಿನಲ್ಲಿ ವಿಷಯ ಹೇಳಿ ಸುಮ್ಮನಿರಬಹುದಿತ್ತು. ಆಗಲಿಲ್ಲ. ರಜೆ ಹಾಕಿ ಹೊರಟೆ. “ಬರದಾಕಿ ನಾನ್ರಿ, ನಾನೂ ಬರ್ತೇನಿ” ಎಂದು ಹುಡುಗಿ ಅವ್ವನ ಒಪ್ಪಿಗೆ ಪಡೆದು ಜೊತೆಗೆ ಬಂದಳು. ಬಸ್ಸಿನಲ್ಲಿ ಶೇಂಗಾ ಕೊಡಿಸಿದೆ. ಸುಲಿದು ಸುಲಿದು ಅಂಗೈಯಲ್ಲಿ ಇಟ್ಟುಕೊಂಡಳೇ ಹೊರತು ಒಂದು ಕಾಳೂ ತಿನ್ನಲಿಲ್ಲ.

“ಬೈತಾರೇನ್ರಿ, ಟೀಚರ್?”

“ಬೈದ್ರ ನನ್ನ ಬೈತಾರ, ಸುಮ್ನ ಕೂಡು” ಎಂದೆ.

ಆ ಶಾಲೆ ಮುಟ್ಟಿದ ಕೂಡಲೇ ಶಿಕ್ಷಕಿಗೆ ಹೊರಗೇ ಎಲ್ಲ ಹೇಳಿದೆ. ಬೈಯಲಿಲ್ಲ, ಒಳಗೆ ಕರೆದುಕೊಂಡು ಹೋದರು. ಒಂದೇ ಲ್ಯಾಪ್‌ಟಾಪಿನ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ಎರಡು ಜಡೆಯ ಒಬ್ಬಳು ಆಡುತ್ತಿದ್ದಳು. ಗಿರಾಕಿ ಬಂದು ದೀಡ ನೂರು ಎಂದ. ಒಂದು ಚೂರೂ ತಡಮಾಡದೆ ಅವಳು ನೂರಾ ಒಂದೂವರೆ ಒತ್ತಿದಳು. ಗಂಟೆ ಬಾರಿಸಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಅವಳ ಪಕ್ಕ ಕುಳಿತೆ. “ಮನ್ಯಾಗ ನಿಮ್ಮವ್ವ ದೀಡ ನೂರು ರೂಪಾಯಿ ತಾ ಅಂದ್ರ ಎಷ್ಟು ತರ್ತಿ?”

“ನೂರಾ ಐವತ್ತರಿ.”

“ಮತ್ತ ಇಲ್ಲಿ?”

“ಅದು ಮನ್ಯಾಗಿಂದ್ರಿ,” ಎಂದಳು, ದಡ್ಡಿಗೆ ತಿಳಿಸಿ ಹೇಳುವಂತೆ. “ಇದು ಸಾಲ್ಯಾಗಿಂದು.”

ನಾನು ಹೆದರಿದ್ದೇ ಬೇರೆ. ತನಗೆ ಗೊತ್ತಿದ್ದದ್ದನ್ನು ಅವಳು ಮರೆತಿರಲಿಲ್ಲ. ಚಪ್ಪಲಿಯ ಹಾಗೆ ಅದನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದಳು, ಅಷ್ಟೆ. ಹಾಗೆ ಬಿಡುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬೇಸರವೂ ಇರಲಿಲ್ಲ. ನನಗೆ ಅಳು ಬಂತು. ಇಷ್ಟು ವರ್ಷ ನಾನು ಕಲಿಸಿದ್ದನ್ನೆಲ್ಲ ತಲೆಯಾಡಿಸಿ ಒಪ್ಪಿಕೊಂಡ ಮಕ್ಕಳು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು.

ನಮ್ಮ ಹುಡುಗಿ ನೆಲದ ಮೇಲೆ ಕುಳಿತು ಎರಡು ಜಡೆಯವಳ ಕಡೆ ತಿರುಗಿದಳು. “ಸಾಲ್ಯಾಗೂ ನೂರಾ ಐವತ್ತs. ಈ ಆಟ ಬರದಾಕಿ ನಾನು. ನಾನs ತಪ್ಪು ಬರದಿದ್ದೆ.” ಹಳೆಯದನ್ನು ತೆಗೆದು ಹೊಸ ಆಟ ಹಾಕಿಕೊಟ್ಟಳು. ಚಿಕ್ಕವಳು ಅನುಮಾನಿಸುತ್ತ ನೂರಾ ಐವತ್ತು ಒತ್ತಿದಳು. ಗಂಟೆ ಬಾರಿಸಿತು.

ಈ ಸಲ ಅವಳು ಚಪ್ಪಾಳೆಗೆ ಕಾಯಲಿಲ್ಲ. ಪರದೆಯನ್ನು ಬಿಟ್ಟು ನಮ್ಮ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗೋಡೆಯ ಮೇಲಿನ ಮಗ್ಗಿಯ ಪಟ, ಕರಿಹಲಗೆ, ಮೇಜಿನ ಮೇಲಿನ ಪುಸ್ತಕಗಳತ್ತ ಕಣ್ಣು ಹಾಯಿಸಿದಳು.

“ಹಂಗಾರ ಉಳಿದಿದ್ದನ್ನೆಲ್ಲ ಯಾರು ಬರದಾರ್ರಿ?” ಎಂದು ನನ್ನನ್ನು ಕೇಳಿದಳು.