ನನ್ನ ಬದಲು ಐಸಮ್ಮ ಕೇಳಿದರು

ಇದು ೧೯೬೧ರ ಚಳಿಗಾಲದ ಮಾತು. ಬಂಟ್ವಾಳ ಪೇಟೆಯ ಹತ್ತಿರ ಹುಟ್ಟಿ, ಅಲ್ಲಿಯೇ ಎಂಟನೆಯ ತರಗತಿವರೆಗೆ ಓದಿ, ವೇಣೂರಿಗೆ ಮದುವೆಯಾಗಿ ಬಂದವಳು ನಾನು. ಗಂಡನಿಗೆ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಸಂಬಳದ ವಾರ ಮಾತ್ರ ಊರಿಗೆ ಬರುತ್ತಿದ್ದರು. ಉಳಿದಂತೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಮಧ್ಯಾಹ್ನದ ಊಟವಾದ ಮೇಲೆ ಚಾವಡಿಯಲ್ಲಿ ಎದುರುಬದುರು ಕೂತು ಬೀಡಿ ಕಟ್ಟುತ್ತಿದ್ದೆವು.

ಮದುವೆಯಾದ ಮೇಲೆ ಎರಡು ಸಲ ಬಸುರಿಯಾಗಿದ್ದೆ. ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಮೂರನೆಯ ಸಲ ನಿಂತಾಗ ಅತ್ತೆ ನನಗೆ ಬಾವಿಯಿಂದ ನೀರು ಸೇದಲು ಬಿಡಲಿಲ್ಲ. ನಾಲ್ಕು ತಿಂಗಳು ದಾಟಿದ ದಿನ ದೇವರಿಗೆ ತುಪ್ಪದ ದೀಪ ಇಟ್ಟರು. ಇನ್ನು ಹೆದರಿಕೆ ಇಲ್ಲ ಎಂದು ನಾನೂ ಸ್ವಲ್ಪ ಧೈರ್ಯ ತಂದುಕೊಂಡೆ.

ಐದು ತುಂಬುತ್ತಾ ಬಂದಾಗ ಹೊಸ ಚಿಂತೆ ಹುಟ್ಟಿತು. ಬೀಡಿ ಎಲೆ ತೊಳೆಯುವಾಗಲೋ ಅಂಗಡಿಗೆ ಹೋಗುವಾಗಲೋ ಸಿಕ್ಕಿದ ಹೆಂಗಸರೆಲ್ಲ ಕೇಳುವ ಪ್ರಶ್ನೆ ಒಂದೇ. “ಮಗು ಆಡ್ತಾ ಉಂಟಾ?” ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಅವರು ಒಮ್ಮೆ ನನ್ನ ಹೊಟ್ಟೆ ನೋಡಿ, ಬೇರೆ ಮಾತು ತೆಗೆಯುತ್ತಿದ್ದರು. ಹೊಟ್ಟೆಯೂ ಅಷ್ಟೇನೂ ದೊಡ್ಡದಾಗಿರಲಿಲ್ಲ.

ಅತ್ತೆಯ ಹೆದರಿಕೆಗೆ ಕಾರಣವಿತ್ತು. ಅವರ ತಂಗಿಯ ಹೊಟ್ಟೆಯಲ್ಲಿ ಮಗು ಸತ್ತು, ಅದು ಯಾರಿಗೂ ತಿಳಿಯದೆ, ನಂಜೇರಿ ಆಕೆಯೂ ತೀರಿಕೊಂಡಿದ್ದರಂತೆ. ತಂಗಿಯ ತಲೆ ತಮ್ಮ ಮಡಿಲಲ್ಲೇ ಇತ್ತು ಎಂದು ಅತ್ತೆ ಒಮ್ಮೆ ಹೇಳಿದ್ದರು. ಮತ್ತೊಮ್ಮೆ ಆ ಮಾತು ಎತ್ತಿದವರಲ್ಲ. ಆದರೆ ಆ ವಾರ ಬೀಡಿ ಕಟ್ಟುತ್ತಾ ಕಟ್ಟುತ್ತಾ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಒಂದು ದಿನ ಅವರು ಮುಂಡಾಜೆಯ ಕಡೆಯ ಒಬ್ಬ ಮದ್ದಿನವರಲ್ಲಿಗೆ ಹೋಗಿ ಯಾವುದೋ ಬೇರು ತಂದರು. ಅದನ್ನು ಅಡುಗೆಮನೆಯ ಗೂಟಕ್ಕೆ ಕಟ್ಟಿಟ್ಟು ನನ್ನ ಹತ್ತಿರ ಬಂದು ಕೂತರು.

“ಮಗಾ, ನಾನು ಹೇಳುವುದು ಕೇಳು. ಒಳಗೆ ಜೀವ ಇದ್ದರೆ ಇಷ್ಟು ಹೊತ್ತಿಗೆ ಆಡ್ಬೇಕಿತ್ತು. ಮಗು ಹೋದರೆ ಇನ್ನೊಂದು ಆದೀತು. ನೀನು ಉಳೀಬೇಕು. ನಾಳೆ ಅಮಾವಾಸ್ಯೆ. ಅದು ಕಳೆದ ಮೇಲೆ ಕಷಾಯ ಮಾಡಿ ಕೊಡ್ತೇನೆ. ಹೊಟ್ಟೆ ತೊಳೆದು ಹೋಗ್ತದೆ.”

ಅವರು ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಅವರ ಕಣ್ಣಲ್ಲಿ ನೀರಿತ್ತು. ನಾನು ಕೇಳಿಕೊಂಡೆ, “ಅತ್ತೆ, ಒಂದು ಸಲ ಮೂಡಬಿದಿರೆಯ ಡಾಕ್ಟ್ರಮ್ಮನಿಗೆ ತೋರಿಸಿ ಬರ್ತೇನೆ. ಅವರೂ ಹಾಗೇ ಹೇಳಿದರೆ ನೀವು ಕೊಟ್ಟದ್ದನ್ನು ಕುಡೀತೇನೆ.”

“ಡಾಕ್ಟ್ರಮ್ಮ ಎಂತ, ಹೊಟ್ಟೆ ಬಗೆದು ನೋಡ್ತಾರಾ?” ಎಂದರು. ಆದರೆ ಬೇಡ ಎನ್ನಲಿಲ್ಲ. ದನ ಕರು ಹಾಕುವ ದಿನಗಳಾದ್ದರಿಂದ ಅವರು ಮನೆ ಬಿಡುವ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ನಾನೊಬ್ಬಳೇ ಬಸ್ಸು ಹತ್ತಿದೆ.

ಬಸ್ಸಿನ ಹೆಂಗಸರ ಸೀಟಿನಲ್ಲಿ ಒಂದೇ ಜಾಗ ಖಾಲಿ ಇತ್ತು. ಪಕ್ಕದಲ್ಲಿ ಅತ್ತೆಯ ವಯಸ್ಸಿನ ಒಬ್ಬ ಬ್ಯಾರಿ ಮುಸಲ್ಮಾನ ಹೆಂಗಸು ಕೂತಿದ್ದರು. ತಲೆಯ ಮೇಲೆ ಬಿಳಿ ವಸ್ತ್ರ, ಕಿವಿಯಂಚಿನ ಉದ್ದಕ್ಕೂ ಸಾಲಾಗಿ ಬೆಳ್ಳಿಯ ಉಂಗುರಗಳು. ರಸ್ತೆ ಗುಂಡಿಮಯವಾಗಿತ್ತು. ಬಸ್ಸು ಎತ್ತಿ ಹಾಕಿದಾಗಲೆಲ್ಲ ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಆಕೆ ಅದನ್ನು ನೋಡಿ ತಾವು ಕೂತಿದ್ದ ಒಳಗಿನ ಜಾಗ ನನಗೆ ಬಿಟ್ಟುಕೊಟ್ಟರು.

“ಎಷ್ಟು ತಿಂಗಳು ಮಗಳೇ?” ಎಂದು ತುಳುವಿನಲ್ಲಿ ಕೇಳಿದರು.

“ಐದು ಮುಗೀತಾ ಬಂತು.”

“ಆಡ್ತಾ ಉಂಟಲ್ಲ?”

ಊರಿನವರು ಕೇಳಿದಾಗ ತಲೆಯಾಡಿಸಿ ಸುಮ್ಮನಾಗುತ್ತಿದ್ದ ನನಗೆ ಆ ದಿನ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಗುರುತಿಲ್ಲದವರಾದ್ದರಿಂದಲೋ ಏನೋ, ಎರಡು ಸಲ ಹೋದದ್ದು, ಮಗು ಆಡದಿರುವುದು, ಗೂಟಕ್ಕೆ ಕಟ್ಟಿಟ್ಟ ಬೇರು, ಎಲ್ಲವನ್ನೂ ಹೇಳಿದೆ. ನಾನು ಮುಗಿಸಿದ ಮೇಲೆ ಆಕೆ ಕೇಳಿದರು, “ಡಾಕ್ಟ್ರಲ್ಲಿಗೆ ಜೊತೆಗೆ ಯಾರೂ ಇಲ್ವಾ?”

“ಇಲ್ಲ.”

“ಅವರು ಎಂತ ಹೇಳ್ತಾರೋ. ಅಂಥ ಮಾತು ಒಬ್ಬಳೇ ಕೇಳ್ಬಾರದು. ನಾನು ಬರ್ತೇನೆ.”

ನಿಮಗೆ ನಿಮ್ಮ ಕೆಲಸ ಇರಬಹುದಲ್ಲ ಎಂದೆ. “ನೆಂಟರ ಮನೆಗೆ ಹೊರಟದ್ದು, ಆಮೇಲೆ ಹೋದರೂ ಆಗ್ತದೆ” ಎಂದರು. ಹೆಸರು ಕೇಳಿದೆ. ಐಸಮ್ಮ ಎಂದು ಹೇಳಿದರು. ವಾಮದಪದವಿನ ಆಚೆ ಅವರ ಮನೆ, ವೇಣೂರಿಗೆ ಮಗಳನ್ನು ಕೊಟ್ಟಿದ್ದಾರೆ, ಅಲ್ಲಿ ಒಂದು ರಾತ್ರಿ ಉಳಿದು ಹೊರಟದ್ದು ಎಂದೂ ತಿಳಿಯಿತು.

ಡಾಕ್ಟ್ರಮ್ಮ ಘಟ್ಟದ ಮೇಲಿನವರು, ಮೈಸೂರು ಕಡೆಯ ಕನ್ನಡ. ಜಗಲಿಯಲ್ಲಿ ಜನ ತುಂಬಿದ್ದರು. ನಮ್ಮ ಸರದಿ ಬರುವಾಗ ಬಿಸಿಲು ಚೆನ್ನಾಗಿ ಏರಿತ್ತು. ಒಳಗೆ ಹೋದಾಗ ಅವರು ಐಸಮ್ಮನನ್ನು ನೋಡಿ ನನ್ನನ್ನು ಕೇಳಿದರು, “ಇವರು ನಿಮಗೆ ಏನಾಗ್ಬೇಕು?”

ಐಸಮ್ಮನಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಪ್ರಶ್ನೆ ಅರ್ಥವಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ, “ನಾನು ಇವಳ ಜನ” ಎಂದರು.

ಡಾಕ್ಟ್ರಮ್ಮ ಮತ್ತೆ ಕೇಳಲಿಲ್ಲ. ನನ್ನನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆಯನ್ನು ಕೈಯಲ್ಲಿ ಒತ್ತಿ ನೋಡಿ, ಒಂದು ಮರದ ಕೊಳವೆ ತೆಗೆದರು. ಚಿಕ್ಕ ತುತ್ತೂರಿಯಂತೆ ಒಂದು ಕಡೆ ಅಗಲ. ಅಗಲದ ಕಡೆಯನ್ನು ನನ್ನ ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು ಬಗ್ಗಿದರು. ಸ್ವಲ್ಪ ಹೊತ್ತು ಕೇಳಿ ಕೊಳವೆಯನ್ನು ಪಕ್ಕಕ್ಕೆ ಸರಿಸಿದರು. ಮತ್ತೆ ಸರಿಸಿದರು. ಹೊರಗೆ ಯಾವುದೋ ಲಾರಿ ಗುರುಗುಟ್ಟುತ್ತಾ ನಿಂತಿತ್ತು. ಕಿಟಕಿ ಮುಚ್ಚಿ ಎಂದು ಸನ್ನೆ ಮಾಡಿದರು. ಐಸಮ್ಮ ಮುಚ್ಚಿ ಬಂದು ನನ್ನ ಕೈ ಹಿಡಿದುಕೊಂಡರು.

ನಾನು ಮಾಡಿನ ಹಂಚು ನೋಡುತ್ತಾ ಮಲಗಿದ್ದೆ. ಆ ಹಂಚು ನನ್ನ ಗಂಡನ ಕಾರ್ಖಾನೆಯದ್ದೇ ಇರಬಹುದೇ ಎಂಬ ಹುಚ್ಚು ಯೋಚನೆ ಬಂತು. ಅವರು ಆಗ ಅಲ್ಲಿ ಮಣ್ಣಿನ ಕೈಯಲ್ಲಿ ನಿಂತಿರುತ್ತಾರೆ, ಇಲ್ಲಿ ನಡೆಯುವುದು ಅವರಿಗೆ ಗೊತ್ತಿಲ್ಲ. ಡಾಕ್ಟ್ರಮ್ಮ ಇನ್ನೂ ಬಗ್ಗಿಯೇ ಇದ್ದರು. ಇಷ್ಟು ಹೊತ್ತು ಹುಡುಕುತ್ತಾರೆಂದರೆ ಇಲ್ಲವೆಂದೇ ಅರ್ಥ ಎಂದುಕೊಂಡೆ. ಅವರು ತಲೆ ಎತ್ತಿದರೆ ಸಾಕೆಂದೂ ಅನಿಸುತ್ತಿತ್ತು, ಎತ್ತಬಾರದೆಂದೂ ಅನಿಸುತ್ತಿತ್ತು.

ಹೊಕ್ಕುಳಿನ ಕೆಳಗೆ ಎಡಕ್ಕೆ ಒಂದು ಕಡೆ ಕೊಳವೆ ನಿಂತಿತು. ಅವರ ಕಣ್ಣು ಗಡಿಯಾರದ ಮೇಲೆ ಹೋಯಿತು. ಆಮೇಲೆ ತಲೆ ಎತ್ತಿ ನಕ್ಕರು.

“ಇದೆ ಕಣಮ್ಮ. ಚೆನ್ನಾಗಿದೆ.”

ನನಗೆ ಸಂತೋಷವಾಗುವ ಬದಲು ಸಂಶಯ ಬಂತು. ಸಮಾಧಾನಕ್ಕೆ ಹೇಳುತ್ತಿದ್ದಾರೋ ಏನೋ. “ನನಗೆ ಕೇಳ್ಬಹುದಾ?” ಎಂದು ಕೇಳಿದೆ.

“ನಿಮ್ಮ ಕಿವಿ ನಿಮ್ಮ ಹೊಟ್ಟೆ ತನಕ ಬಗ್ಗಲ್ಲವಲ್ಲಮ್ಮ” ಎಂದು ನಕ್ಕು, ಐಸಮ್ಮನ ಕಡೆ ತಿರುಗಿದರು. “ನೀವು ಕೇಳ್ತೀರಾ?”

ಐಸಮ್ಮ ತಲೆವಸ್ತ್ರ ಸರಿಸಿ ಬಗ್ಗಿದರು. ಕಿವಿಯ ಉಂಗುರಗಳು ಅಡ್ಡ ಬಂದವು. ಅವನ್ನು ಬೆರಳಿನಲ್ಲಿ ಹಿಂದಕ್ಕೆ ಹಿಡಿದು ಮತ್ತೆ ಕಿವಿ ಇಟ್ಟರು. ಏನೂ ಕೇಳುವುದಿಲ್ಲ ಎಂಬಂತೆ ತಲೆಯಾಡಿಸಿದರು. ಡಾಕ್ಟ್ರಮ್ಮ, “ದಿಂಬಿನ ಕೆಳಗೆ ಕೈಗಡಿಯಾರ ಇಟ್ಟ ಹಾಗೆ ಕೇಳುತ್ತೆ, ಉಸಿರು ಹಿಡೀರಿ” ಎಂದರು. ನಾನು ತುಳುವಿನಲ್ಲಿ ಹೇಳಿದೆ. ಐಸಮ್ಮ ಕಣ್ಣು ಮುಚ್ಚಿ ಅಲುಗಾಡದೆ ನಿಂತರು.

ಸ್ವಲ್ಪ ಹೊತ್ತಿನಲ್ಲಿ ಅವರ ಮುಖ ಬದಲಾಯಿತು. ಕಣ್ಣು ತೆರೆಯಲಿಲ್ಲ. ನನ್ನ ಅಂಗೈ ಬಿಡಿಸಿ ಅದರ ಮೇಲೆ ಒಂದು ಬೆರಳಿನಿಂದ ತಟ್ಟತೊಡಗಿದರು. ಟಕ ಟಕ ಟಕ ಟಕ ಎಂದು, ನಿಲ್ಲಿಸದೆ, ಬೇಗ ಬೇಗ. ಅದು ನನ್ನ ಮಗುವಿನ ಎದೆ ಬಡಿಯುವುದು ಎಂದು ತಿಳಿಯಲು ನನಗೆ ಸ್ವಲ್ಪ ಸಮಯ ಬೇಕಾಯಿತು. ತಿಳಿದ ಮೇಲೆ ಅಳು ಬಂತು. ಹೊಟ್ಟೆ ಕುಲುಕಿ ಕೊಳವೆ ಜಾರಿತು.

“ಹೀಗೆ ಅಳ್ಬೇಡ, ನನಗೆ ಕೇಳುವುದಿಲ್ಲ” ಎಂದು ಐಸಮ್ಮ ಗದರಿಸಿದರು. ಅವರ ಕಣ್ಣೂ ತುಂಬಿತ್ತು.

“ಇಷ್ಟು ಬೇಗ ಬೇಗ ಯಾಕೆ ಬಡೀತದೆ? ಅದಕ್ಕೆ ಹೆದರಿಕೆ ಆಗಿದೆಯಾ?” ಎಂದು ಕೇಳಿದೆ.

“ಹೆದರಿರೋದು ನೀವು. ಮಕ್ಕಳ ಹೃದಯ ಓಡೋದೇ ಹಾಗೆ” ಎಂದರು ಡಾಕ್ಟ್ರಮ್ಮ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಸ್ಟೂಲು ಎಳೆದು ಕೂತು ನನಗೆ ಬಿಡಿಸಿ ಹೇಳಿದರು. ನಮ್ಮ ಶಾಲೆಯಲ್ಲಿ ಇಂಥದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಮಗು ಗೇಣಿಗಿಂತ ಸ್ವಲ್ಪ ಉದ್ದ ಇರುತ್ತದಂತೆ. ಹುಬ್ಬು ಮೂಡಿರುತ್ತದೆ, ಬೆರಳಿಗೆ ಉಗುರು ಬಂದಿರುತ್ತದೆ. ಕಣ್ಣಿನ ರೆಪ್ಪೆ ಇನ್ನೂ ಅಂಟಿಕೊಂಡೇ ಇರುತ್ತದೆ. ಮೈಗೆ ಕೊಬ್ಬು ಕೂತಿರುವುದಿಲ್ಲ, ಚರ್ಮ ಸುಕ್ಕುಸುಕ್ಕು, ಅದರ ಮೇಲೆ ನವಿರಾದ ಕೂದಲು. ಮಲಗುತ್ತದೆ, ಏಳುತ್ತದೆ, ಸುತ್ತಲಿನ ನೀರು ಗುಟುಕರಿಸುತ್ತದೆ. ಹೊರಗಿನ ಸದ್ದು ಈಗೀಗ ಕೇಳಲು ಶುರುವಾಗುತ್ತದೆ.

“ಹಾಗಾದರೆ ಆಡುವುದಿಲ್ಲ ಯಾಕೆ?”

“ಆಡ್ತಾ ಇದೆ. ನಿಮಗೆ ಗೊತ್ತಾಗ್ತಿಲ್ಲ. ಕೆಲವರಿಗೆ ಮಾಸು ಹೊಟ್ಟೆಯ ಮುಂದುಗಡೆ ಇರುತ್ತೆ. ಮಧ್ಯೆ ದಿಂಬು ಇಟ್ಟ ಹಾಗೆ. ಒದ್ದರೂ ಬೇಗ ತಿಳಿಯಲ್ಲ. ನಿಮಗೂ ಹಾಗೇ ಇರ್ಬೇಕು. ಒಳಗೆ ಸಣ್ಣ ಗುಳ್ಳೆ ಒಡೆದ ಹಾಗೆ, ಮೀನು ಬಾಲ ತಾಗಿಸಿದ ಹಾಗೆ ಯಾವತ್ತಾದರೂ ಆಗಿತ್ತಾ?”

ಆಗಿತ್ತು. ಸಂಜೆ ಹೊತ್ತು ಬೀಡಿ ಕಟ್ಟಲು ಕೂತಾಗ ಎಷ್ಟೋ ಸಲ ಆಗಿತ್ತು. “ಅದು ಹುರುಳಿ ಸಾರಿನ ಗಾಳಿ ಅಂತ ತಿಳಿದಿದ್ದೆ” ಎಂದೆ. ಡಾಕ್ಟ್ರಮ್ಮ ಜೋರಾಗಿ ನಕ್ಕರು. ನಾನು ಐಸಮ್ಮನಿಗೆ ತುಳುವಿನಲ್ಲಿ ಹೇಳಿದಾಗ ಅವರೂ ಮಂಚ ಹಿಡಿದುಕೊಂಡು ನಕ್ಕರು.

ಬೇರಿನ ವಿಷಯ ಹೇಳಿದಾಗ ಮಾತ್ರ ಡಾಕ್ಟ್ರಮ್ಮನ ನಗು ನಿಂತಿತು. “ಅದನ್ನು ಬಾಯಿಗೆ ಹಾಕ್ಬೇಡಿ. ಮಗು ಹೋಗುತ್ತೆ. ನೀವೂ ಉಳಿಯೋದು ಕಷ್ಟ” ಎಂದರು.

ಹೊರಗೆ ಬಂದ ಮೇಲೆ ನನಗೆ ಮನೆಯ ಯೋಚನೆ ಹತ್ತಿತು. ಅತ್ತೆ ನನ್ನ ಮಾತು ನಂಬುತ್ತಾರೆಯೇ? ನಾನು ಬಾಯಿ ಬಿಟ್ಟು ಹೇಳಲಿಲ್ಲ. ಐಸಮ್ಮನೇ, “ನಡಿ, ನಿನ್ನ ಮನೆಗೆ ಹೋಗುವ” ಎಂದರು.

“ನಿಮ್ಮ ನೆಂಟರ ಮನೆ?”

“ಅದು ಎಲ್ಲಿಗೂ ಓಡುವುದಿಲ್ಲ.”

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹಿಂದೆ ಬಂದೆವು. ಅತ್ತೆ ಅಂಗಳದಲ್ಲೇ ಇದ್ದರು. ಗುರುತಿಲ್ಲದ ಹೆಂಗಸು ಜೊತೆಗಿರುವುದನ್ನು ಕಂಡು ನನಗೆ ದಾರಿಯಲ್ಲೇ ಏನೋ ಆಗಿದೆ ಎಂದು ತಿಳಿದು ಅವರ ಮುಖ ಬಿಳುಚಿತು. ಐಸಮ್ಮ ಜಗಲಿಯಲ್ಲಿ ಕೂತು, ನೀರು ಕುಡಿದು, ಆಮೇಲೆ ಮಾತು ತೆಗೆದರು.

“ಅಕ್ಕ, ನಿಮ್ಮ ಮೊಮ್ಮಗು ಚೆನ್ನಾಗಿ ಉಂಟು.”

“ಡಾಕ್ಟ್ರು ಹಾಗೆ ಹೇಳಿದ್ರಾ? ಅವರು ಹಾಗೇ ಹೇಳುವುದು” ಎಂದರು ಅತ್ತೆ.

“ಡಾಕ್ಟ್ರ ಮಾತು ಬಿಡಿ. ನಾನು ಈ ಕಿವಿಯಲ್ಲಿ ಕೇಳಿದ್ದೇನೆ. ಎಂಟು ಹೆತ್ತವಳು ನಾನು, ಐದು ಉಳಿದದ್ದು. ಮಗು ಉಂಟೋ ಹೋಯಿತೋ ಎಂಬ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಕೈ ಕೊಡಿ ಇಲ್ಲಿ.”

ಅತ್ತೆ ಹಿಂಜರಿಯುತ್ತಾ ಕೈ ಚಾಚಿದರು. ಐಸಮ್ಮ ಆ ಅಂಗೈಯ ಮೇಲೆ ತಟ್ಟಿ ತೋರಿಸಿದರು. “ಹೀಗೆ ಬಡೀತಾ ಉಂಟು. ಇದಕ್ಕೆ ನೀವು ಮದ್ದು ಕೊಡ್ತೀರಾ?”

ಅತ್ತೆ ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ, “ನನ್ನ ತಂಗಿಗೆ ಹೀಗೆ ಕೇಳಿ ಹೇಳುವವರು ಯಾರೂ ಇರಲಿಲ್ಲ” ಎಂದರು. ಎದ್ದು ಒಳಗೆ ಹೋಗಿ ಬೇರು ತಂದು ಬಚ್ಚಲ ಒಲೆಗೆ ಹಾಕಿದರು.

ನಾಲ್ಕೈದು ದಿನ ಕಳೆದಿರಬಹುದು. ಅತ್ತೆ ನನ್ನ ಹೊಟ್ಟೆಗೆ ಎಣ್ಣೆ ಹಚ್ಚುತ್ತಿದ್ದವರು ಫಕ್ಕನೆ ಕೈ ಹಿಂದೆಗೆದುಕೊಂಡರು. “ಒದ್ದಿತು” ಎಂದರು, ಪಿಸುಮಾತಿನಲ್ಲಿ, ಅದಕ್ಕೆ ಕೇಳಿಸಬಾರದು ಎನ್ನುವ ಹಾಗೆ. ಈ ಸಲ ನನಗೂ ತಿಳಿದಿತ್ತು.

ಬೇಸಿಗೆಯಲ್ಲಿ ಹೆಣ್ಣುಮಗು ಹುಟ್ಟಿತು. ನಲವತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಐಸಮ್ಮ ಮಗಳ ಜೊತೆ ನಮ್ಮ ಮನೆಗೆ ಬಂದರು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಎದೆಗೆ ಕಿವಿ ಇಟ್ಟು, “ಅದೇ, ಅದೇ” ಎಂದು ನಕ್ಕರು. ಅವರು ಬಾವಿಯ ಕಡೆ ಹೋದಾಗ ಮಗಳು ನನಗೆ ಹೇಳಿದಳು. ಆ ದಿನ ಅಮ್ಮ ಮೂಡಬಿದಿರೆಗೆ ಹೊರಟದ್ದು ತನ್ನ ಒಬ್ಬನೇ ತಮ್ಮನನ್ನು ಕಾಣಲಿಕ್ಕೆ. ಆತ ಬೊಂಬಾಯಿಗೆ ಹೋಗಿ ಅಲ್ಲಿಂದ ಹಡಗು ಹತ್ತುವವನಿದ್ದ. ಅಮ್ಮ ಮರುದಿನ ತಲುಪುವಾಗ ಆತ ಹೋಗಿಯಾಗಿತ್ತು. ಇನ್ನು ಯಾವ ವರ್ಷ ಬರುತ್ತಾನೋ.

ಐಸಮ್ಮ ಬಾವಿಯಿಂದ ಮರಳಿದಾಗ ನನಗೆ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ. “ನೀವು ಯಾಕೆ ಹೇಳಲಿಲ್ಲ? ಹೇಳಿದ್ದರೆ ನಿಮ್ಮನ್ನು ಕಳಿಸಿಬಿಡ್ತಿದ್ದೆ” ಎಂದೆ.

“ಅದಕ್ಕೇ ಹೇಳಲಿಲ್ಲ” ಎಂದರು. ಮಗುವಿನ ಕಾಲು ನೀವುತ್ತಾ, “ಹೋದ ತಮ್ಮ ಇವತ್ತಲ್ಲ ನಾಳೆ ಬರ್ತಾನೆ. ಇದು ಹೋಗಿದ್ದರೆ ಬರ್ತಿತ್ತಾ?” ಎಂದರು.

ಈಗ ನನ್ನ ಆ ಮಗಳು ವೇಣೂರಿನ ಶಾಲೆಯಲ್ಲಿ ಒಂದನೆಯ ತರಗತಿ. ಐಸಮ್ಮನ ಮಗಳ ಮನೆಯವರು ಎರಡು ವರ್ಷದ ಹಿಂದೆ ಬೇರೆ ಊರಿಗೆ ಹೋದರು. ಆಮೇಲೆ ಐಸಮ್ಮ ಈ ಕಡೆ ಬಂದಿಲ್ಲ. ತಮ್ಮ ಬಂದನೋ ಇಲ್ಲವೋ ಎಂದು ಮೂಡಬಿದಿರೆಯಿಂದ ಬರುವವರನ್ನೆಲ್ಲ ನಾನು ಕೇಳುವುದುಂಟು. ಬಂದಿದ್ದಾನೆ ಎಂಬ ಸುದ್ದಿ ಒಂದು ದಿನ ನನ್ನ ಕಿವಿಗೆ ಬಿದ್ದರೆ, ನನ್ನ ಮನೆಯಲ್ಲೇ ಹಬ್ಬವಾದಷ್ಟು ಸಂತೋಷವಾಗುತ್ತದೆ. ಉಪಕಾರ ಆಯಿತು ಎಂದು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ರೂಢಿಯಿಲ್ಲ. ಮಗುವನ್ನು ನೋಡಲು ಬಂದ ಆ ದಿನ ಐಸಮ್ಮ ಹೊರಟಾಗ ನಾನು ಹೇಳಿದ್ದು, “ಊಟ ಮಾಡಿಕೊಂಡು ಹೋಗಿ” ಎಂದಷ್ಟೇ. ಅವರು ಕೂತು, ಎರಡು ಸಲ ಅನ್ನ ಬಡಿಸಿಕೊಂಡು, ಹೊಟ್ಟೆ ತುಂಬಾ ಉಂಡು ಹೋದರು.