ಮಿತ್ರಕೀಟಗಳೊಂದಿಗೆ ಹಳೇಬೀಡಿಗೆ

ಅರಸೀಕೆರೆಯಿಂದ ಹಳೇಬೀಡಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ನನ್ನ ಮಡಿಲಲ್ಲಿದ್ದದ್ದು ಒಂದು ರಟ್ಟಿನ ಡಬ್ಬಿ. ಅದರೊಳಗೆ ಹತ್ತಿಯಿಂದ ಬಾಯಿ ಮುಚ್ಚಿದ ಗಾಜಿನ ನಳಿಕೆಗಳು, ನಳಿಕೆಗಳಲ್ಲಿ ಇರುವೆಯಂಥ ಪುಟ್ಟ ಕಪ್ಪು ಕೀಟಗಳು. ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವನ್ನು ಹುಡುಕಿ, ಕುಟುಕಿ, ಅದರ ಮೈಮೇಲೇ ಮೊಟ್ಟೆಯಿಡುವ ಮಿತ್ರಕೀಟ ಇದು. ಗಂಡಸಿ ಹತ್ತಿರದ ನಮ್ಮ ತೋಟ ಬೆಂಕಿ ತಗುಲಿದಂತೆ ಒಣಗಿದ್ದಾಗ ಮತ್ತೆ ಹಸಿರಾದದ್ದು ಇದರಿಂದಲೇ. ಈಗ ನನ್ನ ಅಕ್ಕ ಗಿರಿಜಳ ತೋಟಕ್ಕೂ ಅದೇ ಹುಳು ಬಿದ್ದಿತ್ತು.

ಆಧಾರ್ ಕಾರ್ಡ್ ನೋಡಿ ಉಚಿತ ಟಿಕೆಟ್ ಕೊಟ್ಟ ಕಂಡಕ್ಟರ್ ಡಬ್ಬಿಯತ್ತ ಕೈ ತೋರಿಸಿದ. “ಏನ್ರಮ್ಮ ಅದು, ಮೈಸೂರ್‌ಪಾಕಾ?”

“ಹುಳ ಕಣಪ್ಪ.”

“ಅಂತೂ ನಿಮ್ ಜೊತೆ ಹುಳಾನೂ ಫ್ರೀ!” ಎಂದು ನಗುತ್ತಾ ಬಿಸಿಲು ಬೀಳದ ಕಡೆ ಸೀಟು ಕೊಡಿಸಿದ. ಜಾವಗಲ್ ದಾಟುವಷ್ಟರಲ್ಲಿ ಸೆಕೆ ಏರಿತು. ಡಬ್ಬಿಗೆ ಒದ್ದೆ ಟವೆಲ್ ಸುತ್ತಿದೆ.

ಹಳೇಬೀಡಿನಲ್ಲಿ ಇಳಿದು ಆಟೋ ಹಿಡಿದು ತೋಟ ತಲುಪಿದರೆ, ಬೇಲಿಯಾಚೆಯಿಂದಲೇ ಔಷಧಿಯ ಘಾಟು ಮೂಗಿಗೆ ಬಡಿಯಿತು. ಹಿಂದಿನ ಸಂಜೆ ಭಾವ ಬೇಲೂರಿನ ಅಂಗಡಿಯಿಂದ ಕೀಟನಾಶಕ ತಂದು, ಪಂಪಿನಲ್ಲಿ ಮರಗಳ ಸುಳಿಯವರೆಗೂ ಹೊಡೆಸಿದ್ದರು.

“ನಾನು ಮಿತ್ರಕೀಟ ತರ್ತೀನಿ ಅಂತ ಹೇಳಿರಲಿಲ್ವಾ ಭಾವ?”

“ಅದನ್ನೂ ಬಿಡೋಣ ಶಾಂತಾ. ಎರಡೂ ಸೇರಿದ್ರೆ ಬೇಗ ಹೋಯ್ತದೆ ಅಂತ ಅಂಗಡಿಯೋರೇ ಹೇಳಿದ್ರು.”

ಆ ವಿಷದಲ್ಲಿ ಬಿಟ್ಟರೆ ಮೊದಲು ಸಾಯುವುದೇ ನಾನು ತಂದ ಕೀಟ! ಸಿಟ್ಟಿನಲ್ಲೇ ಡಬ್ಬಿಯನ್ನು ಬೇಲಿಯಾಚೆ ನೆರಳಲ್ಲಿ ಇಟ್ಟುಬಂದೆ. ಅಷ್ಟರಲ್ಲಿ ಮರದ ಬುಡದಲ್ಲಿ ಎಳನೀರಿನ ಗೊನೆಗಳು ಕಂಡವು. ದೇವಸ್ಥಾನದೆದುರು ಎಳನೀರು ಮಾರುವ ನಾಗೇಶ ಅವನ್ನು ಗಾಡಿಗೆ ತುಂಬುತ್ತಿದ್ದ.

“ನಿನ್ನೆ ವಿಷ ಹೊಡೆದದ್ದನ್ನ ಇವತ್ತು ಮಾರ್ತೀರಾ?”

“ಒಳಗಿನ ನೀರಿಗೆ ಏನಾಯ್ತದೆ? ಮೇಲೆ ಸಿಪ್ಪೆ ಐತಲ್ಲ,” ಎಂದರು ಭಾವ.

ನಾಗೇಶ ಹಿಡಿದ ಗೊನೆಯನ್ನು ಕೆಳಗಿಟ್ಟ. ಘಾಟು ಪಕ್ಕದ ಹೊಲದ್ದೆಂದು ಭಾವ ಅವನಿಗೆ ಹೇಳಿದ್ದರಂತೆ. ಅಕ್ಕ ಮಚ್ಚು ತಂದು ಕೂತಳು. ಒಂದೊಂದೇ ಎಳನೀರನ್ನು ಸೀಳಿ ಗುಂಡಿಗೆ ಎಸೆಯತೊಡಗಿದಳು.

“ತಲೆ ಕೆಟ್ಟೈತೇನೇ ನಿಂಗೆ?” ಭಾವ ಕೂಗಿದರು.

“ಕುಡಿಯೋರು ಯಾರ ಮಕ್ಕಳೋ ಅಂತ ಧೈರ್ಯವಾ ನಿಮ್ಗೆ? ನಮ್ಮ ಮಕ್ಕಳಿಗೆ ಕೊಡ್ತಿದ್ರಾ ಇದನ್ನ?”

ಭಾವ ಮನೆಯತ್ತ ನಡೆದರು.

ಸಂಜೆ ಅಕ್ಕನೂ ನಾನೂ ಡಬ್ಬಿ ಹಿಡಿದು ಊರಿನ ಇನ್ನೊಂದು ಬದಿಗೆ, ಬಸದಿ ಕಡೆಯ ಪದ್ಮರಾಜಯ್ಯನವರ ತೋಟಕ್ಕೆ ಹೋದೆವು. ಅವರ ಮರಗಳಿಗೂ ಹುಳು ತಗುಲಿತ್ತು, ಔಷಧಿ ಹೊಡೆದಿರಲಿಲ್ಲ. ಕಾಂಡದ ಬಳಿ ನಳಿಕೆಗಳ ಹತ್ತಿ ತೆಗೆದಾಗ ಕೀಟಗಳು ಒಂದೊಂದಾಗಿ ಹೊರಬಂದು ಮೇಲೇರಿದವು.

“ಇವೂ ಕೊಲ್ತಾವಲ್ಲಮ್ಮ, ನಮಗೆ ಅದೂ ಪಾಪವೇ,” ಎಂದರು ಜೈನರಾದ ಪದ್ಮರಾಜಯ್ಯ. “ಆದ್ರೆ ಆ ವಿಷಕ್ಕೆ ಇದು, ಅದು ಅಂತಿಲ್ಲ. ಎಲ್ಲಾನೂ ಕೊಲ್ತದೆ.”

ಮರುದಿನ ಆ ಔಷಧಿಯ ಖಾಲಿ ಬಾಟಲಿ ಹಿಡಿದು ಬೇಲೂರಿನ ಅಂಗಡಿಗೆ ಹೋದೆ. ಬಾಟಲಿಯ ಮೇಲೆ ಕಡುವಿಷದ ಗುರುತಾದ ಕೆಂಪು ತ್ರಿಕೋನವೇನೋ ಎದ್ದು ಕಾಣುತ್ತಿತ್ತು. ಹೊಡೆದ ಮೇಲೆ ಕೊಯ್ಲಿಗೆ ಕಾಯಬೇಕೆಂಬ ಸೂಚನೆ ಮಾತ್ರ ಕಣ್ಣಿಗೆ ಹತ್ತದಷ್ಟು ಸಣ್ಣ ಅಕ್ಷರದಲ್ಲಿತ್ತು.

“ಓದ್ಕೊಳ್ಳೋದು ರೈತರ ಜವಾಬ್ದಾರಿ ಮೇಡಂ,” ಎಂದ ಅಂಗಡಿಯವ ಫೋನಿನಿಂದ ಕಣ್ಣೆತ್ತಲಿಲ್ಲ.

“ಎರಡೂ ಸೇರಿಸಿ ಬಿಡಿ ಅಂದದ್ದು ಯಾರ ಜವಾಬ್ದಾರಿ?” ನನ್ನ ದನಿ ಬೀದಿಗೆ ಕೇಳುತ್ತಿತ್ತು. ಕೇಳಲಿ ಎಂದೇ ಕೂಗಿದ್ದೆ.

ಅಷ್ಟರಲ್ಲಿ ವಯಸ್ಸಾದ ರೈತರೊಬ್ಬರು ಬಂದು ತೆಂಗಿನ ಹುಳಕ್ಕೆ ಔಷಧಿ ಕೇಳಿದರು. ಅಂಗಡಿಯವ ನನ್ನ ಕಣ್ಣೆದುರೇ ಅಂಥದ್ದೇ ಬಾಟಲಿ ತೆಗೆದಿಟ್ಟ.

“ಎಳನೀರು ಯಾವಾಗ ಇಳಿಸ್ತೀರಿ ಅಣ್ಣ?” ಎಂದೆ.

“ನಾಳಿದ್ದು ಗಾಡಿ ಬತ್ತೈತೆ ಕಣಮ್ಮ.”

ಬಾಟಲಿಯ ಮೇಲೆ ಕೈಯಿಟ್ಟು, ಅರಸೀಕೆರೆಯಿಂದ ಮಿತ್ರಕೀಟ ತಂದಲ್ಲಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿ, ಬಾಟಲಿ ಅಲ್ಲೇ ಬಿಟ್ಟು ಹೊರಟರು.

“ನನ್ನ ಗಿರಾಕಿ ಕೆಡಿಸೋಕೆ ಅರಸೀಕೆರೆಯಿಂದ ಬಂದ್ರಾ?” ಎಂದ ಅಂಗಡಿಯವ.

ಒಬ್ಬರಾದರೂ ಕೇಳಿದರಲ್ಲ ಎಂದುಕೊಂಡು ನಿಲ್ದಾಣಕ್ಕೆ ನಡೆದು ಬಸ್ಸು ಹತ್ತಿದೆ. ಬಸ್ಸು ಅದೇ ಬೀದಿಗೆ ತಿರುಗಿತು. ಎದುರುಸಾಲಿನ ಇನ್ನೊಂದು ಔಷಧಿ ಅಂಗಡಿಯ ಮೆಟ್ಟಿಲನ್ನು ಆ ವಯಸ್ಸಾದ ರೈತರು ಇಳಿಯುತ್ತಿದ್ದರು. ಕೈಚೀಲದಿಂದ ಅದೇ ಬಣ್ಣದ ಬಾಟಲಿಯ ಕತ್ತು ಹೊರಚಾಚಿತ್ತು. “ಅಣ್ಣಾ!” ಎಂದು ಕಿಟಕಿಯಿಂದ ಕೂಗಿದೆ. ಅವರು ತಿರುಗಿ, ಗುರುತು ಹಿಡಿದು, ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು.