ಅಮ್ಮನ ಸೀರೆಯ ಅಂಚು

ಆ ಬೆಳಗೂ ಎಲ್ಲ ಬೆಳಗಿನ ಹಾಗೆಯೇ ಆಯಿತು. ಒಲೆಯ ಬೂದಿ ತೆಗೆದೆ, ಹಂಡೆಗೆ ನೀರು ತುಂಬಿದೆ, ಯಜಮಾನರ ಡಬ್ಬಿಗೆ ಉಪ್ಪಿಟ್ಟು ಹಾಕಿ ಕಳಿಸಿದೆ, ಹಾಲು ಎಂದಿನಂತೆ ಉಕ್ಕಿ ಚೆಲ್ಲಿತು. ಐವತ್ತರ ದಶಕದ ಕೊನೆಯ ವರ್ಷಗಳವು. ಶಿಕಾರಿಪುರಕ್ಕೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ದಾರ ಕಾಣದ ಹಾಗೆ ಅಂಚು ಮಡಿಚಿ ಹೊಲಿಯಲು ಕಲಿಸಿದ್ದರು. ಹಾಲು ಕಾಯಿಸಲು ಕಲಿಸಿರಲಿಲ್ಲ.

ಕೆಲಸ ಮುಗಿಸಿ ಹೊಲಿಗೆ ಮೆಷಿನ್ನಿನ ಮುಂದೆ ಕೂತೆ. ಎದುರಿಗೆ ಗಿಳಿಹಸಿರು ಸೀರೆ, ಅಂಗೈಯಗಲ ಕೆಂಪು ಅಂಚು, ಮಡಿಕೆಯಲ್ಲಿ ಇನ್ನೂ ಕುಂಕುಮದ ಪುಡಿ. ಊರಮ್ಮನಿಗೆ ಯಾರೋ ಹರಕೆ ತೀರಿಸಿ ಉಡಿಸಿದ್ದು. ಅಂಥ ಸೀರೆಗಳು ಗುಡಿಯ ಪೆಟ್ಟಿಗೆಯಲ್ಲಿ ಬಿದ್ದು ಜಿರಲೆಯ ಪಾಲಾಗುತ್ತಿದ್ದವು. ನಾನು ಕೇಳಿದಾಗ ಪೂಜಾರಪ್ಪ, “ಜಿರ್ಲಿ ತಿಂದ್ರೆ ಅಮ್ಮಗೇನು ಬಂತು ತಾಯಿ? ಹಿರೇರನ್ನ ಕೇಳೀನಿ, ಒಯ್ರಿ” ಎಂದು ಕೊಟ್ಟಿದ್ದ.

ಬೇಕಿದ್ದದ್ದು ಹೊನ್ನಿಗೆ. ಸೊರಬದ ಕಡೆಯ ಒಂಬತ್ತು ವರ್ಷದ ಹುಡುಗಿ. ಕ್ಯಾಸನೂರಿನ ಕಾಡಿನ ಜ್ವರಕ್ಕೆ ಅಪ್ಪ ಹೋದ ಮೇಲೆ ತಾಯಿ ಇಲ್ಲಿಗೆ ಬಂದು ನಾಲ್ಕು ಮನೆಯ ಪಾತ್ರೆ ತೊಳೆಯುತ್ತಿದ್ದಳು. ಇದ್ದೊಂದು ಲಂಗ ಹರಿದು ಹೊನ್ನಿ ಶಾಲೆ ಬಿಟ್ಟಿದ್ದಳು. ಇನ್ನೆರಡು ದಿನ ನೋಡಿ ಯಾರದೋ ಮನೆಯ ಕೂಸು ಆಡಿಸಲು ಕಳಿಸುತ್ತೇನೆ ಎಂದು ತಾಯಿ ಹೇಳಿಬಿಟ್ಟಿದ್ದಳು.

ಸೀರೆ ಕತ್ತರಿಸಿ, ಕೆಂಪು ಅಂಚು ಕೆಳಗೆ ಬರುವಂತೆ ಅವಳಿಗೊಂದು ಲಂಗ ಹೊಲಿದು ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ರುದ್ರಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಬಾಗಿಲಲ್ಲೇ ನಿಂತರು.

“ಇದು ನನ್ನ ಸೀರಿ ಅಲ್ಲೇನ್ರೀ? ಮಗಳು ಹೆರಿಗ್ಯಾಗ ಉಳಕಂಡ್ಲು ಅಂತ ಅಮ್ಮಗೆ ಉಡಿಸಿದ್ದು!”

ಹೊನ್ನಿಯ ವಿಷಯ ಹೇಳಿದೆ.

“ಹುಡುಗಿಗೆ ಕೊಡಬ್ಯಾಡ ಅನ್ನಲ್ಲ. ಅಮ್ಮನ ಅಂಚು ತಂದು ಅದರ ಕಾಲಿಗೆ ಹಚ್ಚೀರಲ್ಲ, ಅದು ಹೆಂಗ್ರೀ?”

“ಅಮ್ಮ ಉಟ್ಟಾಗಲೂ ಅಂಚು ಪಾದದ ಹತ್ತಿರವೇ ಇತ್ತಲ್ಲ ರುದ್ರಕ್ಕ?”

“ಅಮ್ಮನ ಪಾದಾನೂ ಆ ಕೆಸರುಗಾಲೂ ಒಂದೇನು? ಭಾರಿ ಓದೀರಿ ಬಿಡ್ರೀ!” ಎಂದು ಮಜ್ಜಿಗೆ ಮರೆತು ಹೊರಟೇಹೋದರು.

ವಾದದಲ್ಲಿ ಗೆದ್ದೆನೋ ಸೋತೆನೋ, ನೀವೇ ಹೇಳಿ. ಗುಡಿಗೆ ಬಂದದ್ದು ಗುಡಿಯಲ್ಲೇ ಕೊಳೆಯಲಿ ಎಂದು ಯಾವ ದೇವರೂ ಕೇಳಿಲ್ಲ. ದೀಪಕ್ಕೆ, ನೈವೇದ್ಯಕ್ಕೆ, ಪೂಜೆ ಮಾಡುವವರ ಹೊಟ್ಟೆಗೆ ಮೊದಲು ಆಗಲಿ. ಮಿಕ್ಕದ್ದು ಊರಿನ ಮಕ್ಕಳ ಓದಿಗೆ, ಬಾಣಂತಿಯರ ಔಷಧಕ್ಕೆ ಹೋಗಲಿ. ಚಿನ್ನವಾದರೂ ಸರಿ, ಹೊಲವಾದರೂ ಸರಿ, ನನ್ನ ಮಾತು ಇಂದಿಗೂ ಇದೇ. ಆದರೆ ಕೊಟ್ಟವರನ್ನು ಒಂದು ಮಾತು ಕೇಳಬೇಕು. ಪೂಜಾರಪ್ಪನನ್ನು ಕೇಳಿದ ನಾನು, ಮಗಳ ಜೀವಕ್ಕೆ ಬದಲಾಗಿ ಆ ಸೀರೆ ಕೊಟ್ಟ ತಾಯಿ ಯಾರೆಂದು ವಿಚಾರಿಸಿರಲಿಲ್ಲ.

ರುದ್ರಕ್ಕನ ಮನಸ್ಸಿಗಾಗಿ ಹೊಲಿಗೆ ಬಿಚ್ಚಿ, ಅಂಚು ಪಾದಕ್ಕೆ ತಾಗದಂತೆ ಲಂಗವನ್ನು ಎರಡು ಬೆರಳು ಮೇಲೆ ಮಡಿಚಿ ಹೊಲಿದೆ. ಗಿಡ್ಡವಾಯಿತು. ಹೊನ್ನಿಗೆ ಅದರ ಪರಿವೆಯೇ ಇಲ್ಲ. ಉಟ್ಟವಳೇ ಒಮ್ಮೆ ಗಿರ್ರನೆ ತಿರುಗಿ, ಸ್ಲೇಟು ಹಿಡಿದು ಓಡಿದಳು.

ಸಂಜೆ ರುದ್ರಕ್ಕ ತಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಶಾಲೆ ಬಿಟ್ಟು ಬಂದ ಹೊನ್ನಿ ಮಗ್ಗಿ ಒದರುತ್ತ ನಮ್ಮಿಬ್ಬರ ಮುಂದೆಯೇ ಹಾದುಹೋದಳು. ರುದ್ರಕ್ಕನ ಕಣ್ಣು ಅವಳ ಧೂಳುಗಾಲಿನ ಹಿಂದೆಯೇ ಬೀದಿಯ ತಿರುವಿನವರೆಗೂ ಹೋಯಿತು. ಆಮೇಲೆ ಇನ್ನೊಂದು ಕಾಯಿ ಎತ್ತಿಕೊಂಡು, ಅದಕ್ಕೇ ಹೇಳುವವರಂತೆ ಅಂದರು:

“ಆ ಲಂಗ ಎರಡು ಬೆರಳು ಇಳಿಸಿಬಿಡ್ರೀ. ಬೆಳೆಯೋ ಹುಡುಗಿ, ಮುಂದಿನ ವರ್ಷಾನೂ ಸಾಲೀಗೆ ಹೋಗಬೇಕಲ್ಲ.”